ಮಡಿಕೆಗೊಂದು ಮಾತು

ಆ ಲಾಂಡ್ರಿಯಲ್ಲಿ ದೊಡ್ಡಕ್ಕನ ದನಿಯನ್ನು ಮೀರಿಸುವ ತಾಕತ್ತು ಇದ್ದದ್ದು ಬಟ್ಟೆ ಹಿಂಡುವ ದೊಡ್ಡ ಯಂತ್ರಕ್ಕೆ ಮಾತ್ರ. ಅದು ಗರಗರ ಶುರುವಿಟ್ಟುಕೊಂಡರೆ ಆಕೆಯೂ ಬಾಯಿ ಮುಚ್ಚಬೇಕಾಗುತ್ತಿತ್ತು. ಉಳಿದಂತೆ ಸೂಪರ್‌ವೈಸರ್ ಇರಲಿ, ಲಾರಿಗೆ ಮೂಟೆ ಹೇರುವ ಗಟ್ಟಿಗರಿರಲಿ, ಆಕೆ ಹುಬ್ಬು ಏರಿಸಿದರೆ ಸಾಕು, ಬಾಲ ಮುದುರಿಕೊಂಡು ಜಾಗ ಖಾಲಿ ಮಾಡುತ್ತಿದ್ದರು. ಊರಿನ ಆಸ್ಪತ್ರೆ, ಹೋಟೆಲುಗಳ ಬಟ್ಟೆಯೆಲ್ಲ ಅಲ್ಲಿಗೇ ಬರುತ್ತಿತ್ತು. ಒಗೆದು ಒಣಗಿದ್ದು ಕೊನೆಗೆ ಆಕೆಯ ಇಸ್ತ್ರಿ ಮೇಜಿನ ಮೇಲೆ ಹಾಯಬೇಕು. ಡಾಕ್ಟರ ಕೋಟು, ನರ್ಸುಗಳ ಸಮವಸ್ತ್ರ, ಅಡುಗೆ ಭಟ್ಟರ ಬಿಳಿ ಅಂಗಿ, ಯಾವುದರಲ್ಲೂ ಒಂದು ಸುಕ್ಕು ಹುಡುಕಿ ತೆಗೆಯಲಿ ನೋಡೋಣ ಎನ್ನುವುದು ಆಕೆಯ ಸವಾಲು.

ಗಂಡ ಬೇಗ ಹೋದ. ಮಕ್ಕಳಾಗಿರಲಿಲ್ಲ. ಲಾರಿ ಓಡಿಸುವ ತಮ್ಮನೊಬ್ಬನಿದ್ದ. ಅವನ ಹೆಂಡತಿ ಎಳೆಗೂಸನ್ನು ಬಿಟ್ಟು ಜ್ವರದಲ್ಲಿ ತೀರಿಕೊಂಡಾಗ ಅವನು ಮಗುವನ್ನು ಎತ್ತಿಕೊಂಡು ಅಕ್ಕನ ಮನೆ ಬಾಗಿಲಿಗೆ ಬಂದು ನಿಂತ. "ಲಾರೀಲಿ ತೊಟ್ಟಿಲು ಕಟ್ಟೋಕಾಗುತ್ತೇನೋ ಪೆದ್ದ? ಕೊಡು ಇಲ್ಲಿ," ಎಂದು ದೊಡ್ಡಕ್ಕ ಮಗುವನ್ನು ಕಿತ್ತುಕೊಂಡಳು. ಅಲ್ಲಿಗೆ ಮಾತು ಮುಗಿಯಿತು. ಮಗು ಬೆಳೆದದ್ದು ಲಾಂಡ್ರಿಯ ಬುಟ್ಟಿಗಳಲ್ಲಿ, ಬಿಸಿ ದಿಂಬಿನ ಚೀಲಗಳ ನಡುವೆ. ಎಷ್ಟು ಉಣ್ಣಿಸಿದರೂ ಮೈ ಹತ್ತಲಿಲ್ಲವಾದ್ದರಿಂದ 'ಕಡ್ಡಿ' ಎಂಬ ಹೆಸರು ಅಂಟಿಕೊಂಡಿತು.

ಆ ಕಡ್ಡಿಗೆ ನರ್ಸಿಂಗ್ ಕಾಲೇಜಿನಲ್ಲಿ ಸೀಟು ಸಿಕ್ಕಿದ ದಿನದಿಂದ ದೊಡ್ಡಕ್ಕನಿಗೆ ತಲೆಯ ಮೇಲೆ ಎರಡು ಕೋಡು ಮೂಡಿದ್ದವು. ಕೇಳಲಿ, ಕೇಳದಿರಲಿ, ಸಿಕ್ಕವರಿಗೆಲ್ಲ ಅದೇ ಸುದ್ದಿ. ಹುಡುಗಿ ಮೂರನೇ ವರ್ಷಕ್ಕೆ ಬಂದಾಗಲಂತೂ ಇನ್ನೊಂದು ಸಂಭ್ರಮ ಕೂಡಿಕೊಂಡಿತು. ಕಾಲೇಜಿನವರು ವಿದ್ಯಾರ್ಥಿನಿಯರನ್ನು ಗುಂಪು ಮಾಡಿ, ಒಂದೊಂದು ಗುಂಪನ್ನು ಹೆಂಗಸರು ದುಡಿಯುವ ಒಂದೊಂದು ಜಾಗಕ್ಕೆ ಕಳಿಸುತ್ತಿದ್ದರು. ಒಂದು ದಿನ ಭಾಷಣ ಬಿಗಿದು ಕೈ ತೊಳೆದುಕೊಳ್ಳುವ ಹಾಗಿಲ್ಲ. ವಾರಗಟ್ಟಲೆ ಅದೇ ಜಾಗಕ್ಕೆ ಹೋಗಿ, ಅಲ್ಲಿನವರ ಜೊತೆ ಬೆರೆತು, ಸ್ತನ ಕ್ಯಾನ್ಸರಿನ ಬಗ್ಗೆ ತಿಳಿಸಬೇಕು, ತಾವೂ ಅವರಿಂದ ಕಲಿಯಬೇಕು. ಅದೂ ಪಾಠದ ಒಂದು ಭಾಗ, ಅದಕ್ಕೂ ಅಂಕ. ಕಡ್ಡಿಯ ಗುಂಪಿಗೆ ಸಿಕ್ಕಿದ್ದು ಇದೇ ಲಾಂಡ್ರಿ.

"ನಾಳೆ ನಮ್ಮ ಹುಡುಗಿ ಬರ್ತಾಳೆ, ಎಲ್ಲರೂ ತಲೆ ಬಾಚ್ಕೊಂಡು ಬನ್ನಿ," ಎಂದು ದೊಡ್ಡಕ್ಕ ಅಪ್ಪಣೆ ಹೊರಡಿಸಿದಳು.

ಮೊದಲ ದಿನ ಎಡವಟ್ಟೇ ಆಯಿತು. ಊಟದ ಕೋಣೆಯ ಗೋಡೆಗೆ ಚಿತ್ರಪಟ ತೂಗುಹಾಕಿ, ಮೇಜಿನ ಮೇಲೆ ರಬ್ಬರಿನಂಥದರಲ್ಲಿ ಮಾಡಿದ ಸ್ತನದ ಮಾದರಿಯಿಟ್ಟು, ಐದಾರು ಹುಡುಗಿಯರು ಸಾಲಾಗಿ ನಿಂತರು. ಊಟದ ಡಬ್ಬಿ ಬಿಚ್ಚಲು ಬಂದ ಹೆಂಗಸರು ಚಿತ್ರ ನೋಡಿದರು, ಮಾದರಿ ನೋಡಿದರು, ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೋ ಒಬ್ಬಳು ಕಿಸಕ್ಕೆಂದಳು. ಅಷ್ಟೇ ಸಾಕಾಯಿತು. ಸೆರಗು, ದುಪಟ್ಟಾ, ಕೈಗೆ ಸಿಕ್ಕಿದ್ದನ್ನು ಬಾಯಿಗೆ ತುರುಕಿಕೊಂಡು ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. ನಗು ತಗ್ಗಿದಾಗ ನಾಚಿಕೆ ಮುತ್ತಿಕೊಂಡಿತು. ಡಬ್ಬಿ ಎತ್ತಿಕೊಂಡು ಒಬ್ಬೊಬ್ಬರೇ ಹೊರಗೆ ಜಾರಿದರು. ಕಡ್ಡಿ ಬಾಯಿಪಾಠ ಮಾಡಿದ್ದನ್ನೆಲ್ಲ ಖಾಲಿ ಬೆಂಚುಗಳಿಗೆ ಒಪ್ಪಿಸಿದಳು. ಅಲ್ಲಿ ಕೊನೆಯವರೆಗೆ ಕೂತದ್ದು ದೊಡ್ಡಕ್ಕ ಒಬ್ಬಳೇ, ಅದೂ ಕೋಪದಲ್ಲಿ ಕುದಿಯುತ್ತ.

ಸಂಜೆ ಮನೆಯಲ್ಲಿ ಹುಡುಗಿ ಮುಖ ಊದಿಸಿಕೊಂಡು ಕೂತಿತ್ತು.

"ಆ ಕತ್ತೆಗಳನ್ನ ನಾಳೆ ಸಾಲಾಗಿ ನಿಲ್ಲಿಸಿ ಉಗೀತೀನಿ," ಎಂದಳು ದೊಡ್ಡಕ್ಕ.

"ಉಗಿದ್ರೆ ಬಂದು ಕೂತ್ಕೋತಾರೆ ಅತ್ತೆ, ಕೇಳಿಸ್ಕೊಳ್ಳಲ್ಲ. ನೀನೇ ಹೇಳು, ಲಾಂಡ್ರೀಲಿ ಹೆಂಗಸರು ಗುಟ್ಟಿನ ಮಾತು ಎಲ್ಲಿ ಆಡ್ತಾರೆ?"

"ಇನ್ನೆಲ್ಲಿ? ಶೀಟು ಮಡಿಸೋವಾಗ."

ಹುಡುಗಿಯ ಮುಖದ ಊತ ಅಲ್ಲಿಗೇ ಇಳಿಯಿತು. ಲಾಂಡ್ರಿಯಲ್ಲಿ ಬೆಳೆದವಳಿಗೆ ಅದು ಗೊತ್ತಿರದ ಸಂಗತಿಯೇನಲ್ಲ. ದೊಡ್ಡ ಬೆಡ್‌ಶೀಟನ್ನು ಒಬ್ಬರೇ ಮಡಿಸಲಾಗದು. ಇಬ್ಬರು ಎದುರುಬದುರು ನಿಂತು ತುದಿಗಳನ್ನು ಹಿಡಿದು ಝಾಡಿಸಬೇಕು, ಎಳೆದು ನೇರ ಮಾಡಬೇಕು, ಆಮೇಲೆ ಒಬ್ಬರ ಕಡೆಗೊಬ್ಬರು ನಡೆದು ಬಂದು ಅಂಚಿಗೆ ಅಂಚು ಕೂಡಿಸಬೇಕು. ಹಾಗೆ ಮೂಗಿಗೆ ಮೂಗು ತಾಗುವಷ್ಟು ಹತ್ತಿರ ಬಂದಾಗ ಒಂದು ಮಾತು ಆಡಬಹುದು. ಮತ್ತೆ ಹಿಂದೆ ಸರಿಯಬೇಕು, ಮತ್ತೆ ಹತ್ತಿರ ಬರಬೇಕು, ಆಗ ಇನ್ನೊಂದು ಮಾತು. ಯಂತ್ರದ ಸದ್ದಿನಲ್ಲಿ ಮೂರನೆಯವರ ಕಿವಿಗೆ ಏನೂ ಬೀಳುವುದಿಲ್ಲ. ಆ ಲಾಂಡ್ರಿಯ ಅತ್ತೆ-ಸೊಸೆ ಜಗಳ, ಗಂಡಂದಿರ ಕುಡಿತ, ಹೆಣ್ಣುಮಕ್ಕಳ ಪ್ರೇಮ ಪ್ರಕರಣ ಎಲ್ಲವೂ ಮಡಿಕೆಗೊಂದರಂತೆ ಹೀಗೇ ದಾಟಿ ಹೋಗಿದ್ದವು.

ಮುಂದಿನ ಸಲ ಹುಡುಗಿಯರು ಚಿತ್ರಪಟವನ್ನು ಸುತ್ತಿಟ್ಟು, ತೋಳು ಮಡಚಿ, ಒಬ್ಬೊಬ್ಬರು ಒಂದೊಂದು ಶೀಟಿನ ತುದಿ ಹಿಡಿದರು. ಮೊದಮೊದಲು ಅವರು ಮಡಿಸಿದ್ದು ಮೂಟೆಯಂತಾಗಿ, ಹೆಂಗಸರೇ "ಹಾಗಲ್ಲಮ್ಮ, ಹೆಬ್ಬೆರಳು ಒಳಗಿಡು," ಎಂದು ಕಲಿಸಬೇಕಾಯಿತು. ಕಲಿಸುವ ಮೇಲುಗೈ ತಮ್ಮದಾದ ಮೇಲೆ ಹೆಂಗಸರ ನಾಚಿಕೆಯೂ ಸಡಿಲವಾಯಿತು. ಅಂಚುಗಳು ಮೊದಲ ಸಲ ಕೂಡಿದಾಗ ಹುಡುಗಿಯರು ಗಂಟಿನ ವಿಷಯ ಹೇಳುತ್ತಿದ್ದರು, ಸ್ನಾನದ ಹೊತ್ತಿಗೆ ಬೆರಳ ತುದಿಯಿಂದ ಹೀಗೆ ಒತ್ತಿ ನೋಡಿಕೊಳ್ಳಿ, ಎಂದು. ಎರಡನೇ ಸಲಕ್ಕೆ ಕನ್ನಡಿಯ ಮಾತು, ಚರ್ಮ ಎಲ್ಲಾದರೂ ಒಳಕ್ಕೆ ಎಳೆದಂತೆ ಕಾಣುತ್ತದೆಯೇ ಎಂಬುದು. ಮೂರನೇ ಸಲಕ್ಕೆ ತೊಟ್ಟಿನ ಮಾತು. ಕೊನೆಯ ಮಡಿಕೆಗೆ, ಏನೇ ಹೊಸದು ಕಂಡರೂ ಅವತ್ತೇ ಯಾರಿಗಾದರೂ ಹೇಳಿ, ಆಸ್ಪತ್ರೆಗೆ ಬನ್ನಿ. ಶೀಟು ಅಟ್ಟಿ ಸೇರುವ ಹೊತ್ತಿಗೆ ಪಾಠ ಮುಗಿದಿರುತ್ತಿತ್ತು. ಹೆಂಗಸರು ತಾವೂ ಕೇಳತೊಡಗಿದರು. ನಮ್ಮ ಚಿಕ್ಕಮ್ಮನಿಗೆ ಆಗಿತ್ತು, ನನಗೂ ಬರುತ್ತಾ? ಹಾಲು ಕುಡಿಸುವವಳು ನೋಡಿಕೊಳ್ಳಬಹುದಾ? ಗಂಡನಿಗೆ ಹೇಳಲೇಬೇಕಾ?

ಇಸ್ತ್ರಿ ಮೇಜಿನಿಂದ ಇದನ್ನೆಲ್ಲ ನೋಡುತ್ತಿದ್ದ ದೊಡ್ಡಕ್ಕನಿಗೆ ಹೆಮ್ಮೆ ಹೊಟ್ಟೆಯೊಳಗೆ ಹಿಡಿಸದೆ ಹೋಯಿತು. ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಬಿಡುವಿನಲ್ಲಿ ಆ ರಬ್ಬರಿನ ಮಾದರಿಯನ್ನು ಕೈಗೆತ್ತಿಕೊಂಡು, ಒಳಗೆ ಹುದುಗಿಸಿಟ್ಟಿದ್ದ ಗಂಟುಗಳನ್ನೆಲ್ಲ ಕಣ್ಣು ಮುಚ್ಚಿ ಹುಡುಕಿ ತೋರಿಸಿದಳು. ವಿದ್ಯಾರ್ಥಿನಿಯರು ಚಪ್ಪಾಳೆ ತಟ್ಟಿದರು. ಮನೆಗೆ ಹೋಗಿ ತನ್ನನ್ನೂ ಹಾಗೇ ನೋಡಿಕೊಂಡಳು. ಎಲ್ಲೂ ಗಂಟಿಲ್ಲ. ಮರುದಿನ ಲಾಂಡ್ರಿಯಿಡೀ ಕೇಳುವಂತೆ, "ನಂದು ನೋಡಿಯಾಯ್ತು, ಏನೂ ಇಲ್ಲ. ನಿಮ್ಮದು?" ಎಂದು ಡಂಗುರ ಹೊಡೆದಳು. ಅಲ್ಲಿಂದ ಮುಂದೆ ಆಕೆಯೇ ಅರ್ಧ ನರ್ಸು. ನೋಡಿಕೊಳ್ಳದೆ ಬಂದವರಿಗೆ ಬೈಗುಳದ ಪೂಜೆ.

ಹೀಗಿರುವಾಗ ಒಂದು ದಿನ ಕಾಲೇಜಿನ ಟೀಚರಮ್ಮ ಬಂದರು. ಹುಡುಗಿಯರನ್ನು ಹೊರಗೆ ನಿಲ್ಲಿಸಿ, ಹೆಂಗಸರನ್ನು ಒಬ್ಬೊಬ್ಬರಾಗಿ ಮಾತಾಡಿಸಿದರು. ಹೊರಗೆ ಬಂದಾಗ ಅವರ ಮುಖದಲ್ಲಿ ನಗುವೂ ಇತ್ತು, ಚಿಂತೆಯೂ ಇತ್ತು.

"ದೊಡ್ಡ ಶೀಟು ಮಡಿಸೋರಿಗೆ ಪಾಠ ಪೂರ್ತಿ ಬಂದಿದೆ. ಚಿಕ್ಕ ಶೀಟಿನವರಿಗೆ ಅರ್ಧ. ಟವೆಲ್ಲು, ದಿಂಬಿನ ಚೀಲದವರು ಗಂಟು ಅಂತ ಒಂದೇ ಮಾತು ಹಿಡ್ಕೊಂಡು ಕೂತಿದ್ದಾರೆ. ಗಂಟಿಲ್ಲ ಅಂದ್ರೆ ಕ್ಯಾನ್ಸರಿಲ್ಲ ಅಂತ ಪ್ರಮಾಣ ಮಾಡ್ತಾರೆ. ಯಾಕೆ ಹೀಗೆ?"

ಕಡ್ಡಿ ಹಣೆ ಚಚ್ಚಿಕೊಂಡಳು. ದೊಡ್ಡ ಶೀಟಿಗೆ ಮಡಿಕೆ ಹೆಚ್ಚು, ಚಿಕ್ಕದಕ್ಕೆ ಕಡಿಮೆ, ಟವೆಲ್ಲಿಗೆ ಒಂದೇ. ದಿಂಬಿನ ಚೀಲ ಮಡಿಸಲು ಎರಡನೆಯವರು ಬೇಡವೇ ಬೇಡ. ಬಟ್ಟೆಯ ಉದ್ದ ಎಷ್ಟೋ ಪಾಠವೂ ಅಷ್ಟೇ ಆಗಿತ್ತು! ಇಸ್ತ್ರಿ ಮೇಜಿನ ಅತ್ತೆಗಂತೂ ಯಾರ ಜೊತೆಗೂ ಮಡಿಸುವ ಕೆಲಸವಿರಲಿಲ್ಲ, ಆಕೆಯ ಪಾಲಿಗೆ ಬಂದದ್ದು ಆ ರಬ್ಬರಿನ ಮಾದರಿಯೊಂದೇ. ಮಾದರಿಯಲ್ಲಿ ಗಂಟುಗಳಿದ್ದವೇ ಹೊರತು ಇನ್ನಾವ ಲಕ್ಷಣವೂ ಇರಲಿಲ್ಲ. ನಕ್ಕರೆ ನಗುವಂಥದ್ದೇ, ಆದರೆ ಹುಡುಗಿಗೆ ನಗು ಬರಲಿಲ್ಲ.

"ತಪ್ಪು ನಂದೇ ಮೇಡಂ. ಸರಿ ಮಾಡ್ತೀನಿ," ಎಂದಳು.

ಸರಿ ಮಾಡಲು ಕನ್ನಡಿ ಬೇಕಿತ್ತು. ಅಲ್ಲಿನ ಹೆಂಗಸರ ಮನೆಗಳಲ್ಲಿದ್ದದ್ದೆಲ್ಲ ಮುಖ ಮಾತ್ರ ಕಾಣುವಂಥ ಕನ್ನಡಿ. ಹೋಟೆಲಿನವರು ಸಮವಸ್ತ್ರದ ಅಳತೆ ನೋಡಿಕೊಳ್ಳಲೆಂದು ಲಾಂಡ್ರಿಯ ಮೂಲೆಯಲ್ಲಿ ಆಳೆತ್ತರದ ಕನ್ನಡಿಯೊಂದಿತ್ತು. ಕಡ್ಡಿ ಸೂಪರ್‌ವೈಸರನ್ನು ಕಾಡಿ ಬೇಡಿ ಆ ಮೂಲೆಯನ್ನು ಒಂದು ಮಧ್ಯಾಹ್ನಕ್ಕೆ ಕೇಳಿ ಪಡೆದಳು. ಸುತ್ತಲೂ ಬೆಡ್‌ಶೀಟುಗಳ ಗೋಡೆ ಕಟ್ಟಿದಳು. ಒಬ್ಬೊಬ್ಬರೇ ಒಳಗೆ ಹೋಗುವುದು. ಶೀಟಿನ ಈಚೆಯಿಂದ ಹುಡುಗಿ ಹೇಳುವುದು: "ಕೈ ಕೆಳಗಿಟ್ಟು ನೋಡಿ. ಈಗ ಎರಡೂ ಕೈ ಮೇಲೆತ್ತಿ. ಈಗ ಸೊಂಟದ ಮೇಲೆ ಒತ್ತಿ." ದಿಂಬಿನ ಚೀಲದವರನ್ನೇ ಮೊದಲು ಕಳಿಸಿದಳು.

ದೊಡ್ಡಕ್ಕ ಎಲ್ಲರನ್ನೂ ತಳ್ಳಿ ತಳ್ಳಿ ಒಳಗೆ ಕಳಿಸಿ, ಕೊನೆಗೆ ತಾನು ಹೋದಳು. ರವಿಕೆ ಬಿಚ್ಚಿ ನಿಂತು, ಅಷ್ಟುದ್ದಕ್ಕೆ ತನ್ನನ್ನು ತಾನು ನೋಡಿಕೊಂಡು ಎಷ್ಟು ಕಾಲವಾಯಿತಪ್ಪಾ ಎಂದು ಅಚ್ಚರಿಪಟ್ಟಳು. ಕೈ ಕೆಳಗಿದ್ದಾಗ ಏನೂ ಇರಲಿಲ್ಲ. ಮೇಲೆತ್ತಿದಾಗ ಎಡಗಡೆ, ಕಂಕುಳಿನ ಕಡೆಗೆ, ಚರ್ಮ ಒಂದು ಕಡೆ ಗುಳಿ ಬಿದ್ದಿತು. ಕೈ ಇಳಿಸಿದಳು, ಗುಳಿ ಹೋಯಿತು. ಎತ್ತಿದಳು, ಬಂತು. ಬೆರಳಿಟ್ಟು ಒತ್ತಿದಳು. ಗಂಟಿರಲಿಲ್ಲ, ನೋವೂ ಇರಲಿಲ್ಲ. ಸುಮ್ಮನೆ ಒಳಗಿನಿಂದ ಯಾರೋ ದಾರ ಹಿಡಿದು ಎಳೆದ ಹಾಗೆ.

"ಅತ್ತೆ, ಏನಾದ್ರೂ ಇದೆಯಾ?" ಶೀಟಿನ ಆಚೆಯಿಂದ ಹುಡುಗಿ ಕೇಳಿದಳು.

"ಏನಿರುತ್ತೆ? ಏನೂ ಇಲ್ಲ," ಎಂದಳು ದೊಡ್ಡಕ್ಕ, ಗುಂಡಿ ಹಾಕಿಕೊಳ್ಳುತ್ತ.

ಅಂಥ ಬಾಯಿಬಡುಕಿ ಬಾಯಿಗೆ ಬೀಗ ಹಾಕಿಕೊಂಡದ್ದು ಯಾಕೆ ಅಂದರೆ, ಕಾರಣ ಒಂದಲ್ಲ. ಹೆದರಿಕೆಯಂತೂ ಇದ್ದೇ ಇತ್ತು. ಮತ್ತೆ ಊರಿಗೆಲ್ಲ ಡಂಗುರ ಹೊಡೆದವಳು ಈಗ ಯಾವ ಮುಖ ಹೊತ್ತುಕೊಂಡು ಹೇಳಬೇಕು? ಎಲ್ಲಕ್ಕಿಂತ ಹೆಚ್ಚಾಗಿ ಹುಡುಗಿಯ ಚಿಂತೆ. ಈ ಕೆಲಸ ಮುಗಿಸಿ ಕಾಲೇಜಿನಲ್ಲಿ ಎಲ್ಲರೆದುರು ವರದಿ ಒಪ್ಪಿಸಬೇಕು, ಅದರ ಬೆನ್ನಿಗೇ ಪರೀಕ್ಷೆ. ಈಗ ಹೇಳಿದರೆ ಪುಸ್ತಕ ಮೂಲೆಗೆಸೆದು ತನ್ನ ಮುಂದೆ ಕೂತು ಅಳುತ್ತದೆ ಕೂಸು. ಪರೀಕ್ಷೆ ಮುಗಿಯಲಿ, ಆಮೇಲೆ ನೋಡೋಣ. ಹೀಗೆ ತನಗೆ ತಾನೇ ಸಮಾಧಾನ ಹೇಳಿಕೊಂಡು ಆಕೆ ದಿನ ತಳ್ಳಿದಳು. ಬೈಗುಳ ನಿಂತಿತು. ಇಸ್ತ್ರಿ ಮೇಜಿನ ಹತ್ತಿರ ಮಾತೇ ಇಲ್ಲದಾಯಿತು. ಹೆಂಗಸರು, "ದೊಡ್ಡಕ್ಕಂಗೆ ಮೈಗೆ ಹುಷಾರಿಲ್ವೇನೋ," ಎಂದರು. ಕೇಳುವ ಧೈರ್ಯ ಯಾರಿಗೂ ಆಗಲಿಲ್ಲ.

ಹುಡುಗಿಯರು ಲಾಂಡ್ರಿಗೆ ಬರುವ ಕೊನೆಯ ದಿನ ಬಂತು. ಟೀಚರಮ್ಮ ಮತ್ತೆ ಬಂದು ವಿಚಾರಿಸಿದರು. ಈ ಸಲ ದಿಂಬಿನ ಚೀಲ ಮಡಿಸುವವಳೊಬ್ಬಳು ಗುಳಿ, ತೊಟ್ಟು, ಚರ್ಮ, ಎಲ್ಲವನ್ನೂ ತಡವರಿಸದೆ ಹೇಳಿ ಮುಗಿಸಿದಾಗ ಎಲ್ಲರೂ ಓ ಎಂದು ಕೂಗಿದರು. ಸೂಪರ್‌ವೈಸರ್ ಕೂಡ ಚಪ್ಪಾಳೆ ತಟ್ಟಿದ. ಆಮೇಲೆ ಟೀಚರಮ್ಮ, "ನೀನೂ ಎರಡು ಮಾತಾಡು," ಎಂದು ಕಡ್ಡಿಯನ್ನು ಮುಂದೆ ತಳ್ಳಿದರು.

ಹುಡುಗಿ ಬುಟ್ಟಿಯೊಂದರ ಅಂಚು ಹಿಡಿದು ನಿಂತಳು. "ಇಲ್ಲಿಗೆ ಬಂದು ಶೀಟು ಮಡಿಸೋದು ಕಲಿತ್ವಿ. ಪಾಠ ಹೇಗೆ ಅರ್ಧಕ್ಕೆ ನಿಲ್ಲುತ್ತೆ ಅನ್ನೋದನ್ನೂ ಕಲಿತ್ವಿ. ನಮಗೆ ಅಂಕ ಬರುತ್ತೆ, ಅದೇನೂ ದೊಡ್ಡದಲ್ಲ. ಆದ್ರೆ ನಿಮ್ಮಲ್ಲಿ ಒಬ್ಬರು ಏನೋ ಕಂಡು, ಹೇಳದೆ ಮನಸ್ಸಲ್ಲೇ ಇಟ್ಕೊಂಡಿದ್ರೆ, ನಾವು ಬಂದಿದ್ದು ದಂಡ. ನಂಗೆ ಅಷ್ಟೇ ಹೆದರಿಕೆ."

ಹುಡುಗಿ ಯಾರನ್ನೂ ಉದ್ದೇಶಿಸಿ ಹೇಳಿದ್ದಲ್ಲ. ಅತ್ತೆಯ ಕಡೆ ತಿರುಗಿಯೂ ನೋಡಲಿಲ್ಲ. ಆದರೂ ಆ ಮಾತು ದೊಡ್ಡಕ್ಕನಿಗೆ ನೇರ ಬಂದು ನಾಟಿತು. ಯಾರ ಓದು ಕೆಡಬಾರದೆಂದು ತಾನು ಬಾಯಿ ಮುಚ್ಚಿಕೊಂಡಿದ್ದಳೋ, ಆ ಹುಡುಗಿಯ ಇಷ್ಟು ದಿನದ ದುಡಿತವನ್ನು ತಾನೇ ದಂಡ ಮಾಡಲು ಹೊರಟಿದ್ದಳು. ಥೂ ನನ್ನ ಜನ್ಮಕ್ಕೆ, ಎಂದುಕೊಂಡಳು.

ಬಿಡುವು ಮುಗಿದು ಯಂತ್ರಗಳು ಮತ್ತೆ ಶುರುವಾದವು. ಕೆಲಸದ ಹೊತ್ತಿನಲ್ಲಿ ಎಂದೂ ಇಸ್ತ್ರಿ ಮೇಜು ಬಿಟ್ಟು ಕದಲದ ದೊಡ್ಡಕ್ಕ ಸ್ವಿಚ್ಚು ಆರಿಸಿ ಬಂದು, ರಾಶಿಯಿಂದ ಒಂದು ದೊಡ್ಡ ಬೆಡ್‌ಶೀಟ್ ಎಳೆದಳು.

"ಹಿಡಿಯೇ ಆ ಕಡೆ," ಎಂದಳು.

"ಇದು ನಿನ್ನ ಕೆಲಸ ಅಲ್ವಲ್ಲ ಅತ್ತೆ?"

"ಹಿಡಿ ಅಂದೆ."

ಝಾಡಿಸಿದರು, ಎಳೆದರು, ನಡೆದು ಬಂದರು. ಅಂಚುಗಳು ಕೂಡಿದಾಗ ದೊಡ್ಡಕ್ಕ, "ಅವತ್ತು ಕನ್ನಡೀಲಿ ನಂಗೆ ಕಾಣಿಸ್ತು," ಎಂದಳು.

ಹುಡುಗಿಯ ಮುಖ ಬಿಳುಚಿಕೊಂಡದ್ದು ದೊಡ್ಡಕ್ಕನಿಗೆ ಕಂಡಿತು. ಈಗ ಶೀಟು ಬಿಡುತ್ತಾಳೆ, ಈಗ ಕೂಗುತ್ತಾಳೆ ಎಂದು ಕಾದಳು. ಹುಡುಗಿ ಬಿಡಲಿಲ್ಲ. ಮಡಿಕೆ ಹಿಡಿದುಕೊಂಡು ಹಿಂದೆ ಸರಿದಳು, ಮತ್ತೆ ಬಂದಳು.

"ಯಾವ ಕಡೆ?"

"ಎಡಗಡೆ. ಕೈ ಎತ್ತಿದ್ರೆ ಗುಳಿ ಬೀಳುತ್ತೆ."

ಹಿಂದೆ, ಮುಂದೆ.

"ನೋವು? ತೊಟ್ಟಿಂದ ಏನಾದ್ರೂ ಸೋರುತ್ತಾ?"

"ಏನೂ ಇಲ್ಲ. ಗಂಟೂ ಇಲ್ಲ ಕಣೆ. ಅದಕ್ಕೇ..."

"ಗಂಟು ಇಲ್ದೇನೂ ಇರಬಹುದು. ಹೇಳಿದ್ದು ಒಳ್ಳೇದಾಯ್ತು." ಕೊನೆಯ ಮಡಿಕೆಯನ್ನು ಹುಡುಗಿ ಅಂಗೈಯಿಂದ ಸವರಿ ಅಟ್ಟಿಯ ಮೇಲಿಟ್ಟಳು. "ಚಪ್ಪಲಿ ಹಾಕ್ಕೋ. ಈಗ್ಲೇ ಹೋಗೋಣ."

"ಈಗ್ಲೇ? ಇಸ್ತ್ರಿ ಬಟ್ಟೆ ಅಷ್ಟು ಬಿದ್ದಿದೆಯಲ್ಲೇ!"

"ಸುಕ್ಕಿನ ಬಟ್ಟೇಲಿ ಡಾಕ್ಟ್ರುಗಳು ಒಂದಿನ ಇದ್ರೆ ಸತ್ತು ಹೋಗಲ್ಲ. ನಡಿ."

ಯಾರೂ ಹಾಗೆ ಆಕೆಗೆ ಅಪ್ಪಣೆ ಮಾಡಿದ್ದಿಲ್ಲ. ದೊಡ್ಡಕ್ಕ ಚಪ್ಪಲಿ ಹುಡುಕಿದಳು.

ಆಮೇಲಿನ ದಿನಗಳಲ್ಲಿ ಆಸ್ಪತ್ರೆಯೇ ಮನೆಯಾಯಿತು. ಎಕ್ಸ್‌ರೇ ಥರದ ಯಂತ್ರದಲ್ಲಿ ಒತ್ತಿ ಚಿತ್ರ ತೆಗೆದರು, ಸ್ಕ್ಯಾನ್ ಮಾಡಿದರು, ಸೂಜಿ ಹಾಕಿ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಕೈಗೆ ಸಿಗದಷ್ಟು ಆಳದಲ್ಲಿ ಒಂದು ಚಿಕ್ಕ ಗೆಡ್ಡೆ ಇತ್ತು. ಕ್ಯಾನ್ಸರೇ ಎಂದಾಯಿತು, ಆಪರೇಷನ್ ಕೂಡ ಆಯಿತು. ಸುದ್ದಿ ಕೇಳಿ ಲಾರಿ ಬಿಟ್ಟು ಓಡಿ ಬಂದ ತಮ್ಮ ಕಾರಿಡಾರಿನಲ್ಲಿ ಕೂತು ಗಳಗಳ ಅತ್ತ. ಅಪ್ಪನಿಗೆ ನೀರು ಕುಡಿಸಿ ಕೂರಿಸಿದ್ದೂ ಹುಡುಗಿಯೇ. ಅವಳ ಕಣ್ಣಲ್ಲಿ ಮಾತ್ರ ಒಂದು ಹನಿ ಇರಲಿಲ್ಲ. ಪ್ರತಿ ಪರೀಕ್ಷೆಗೆ ಮೊದಲು ಏನು ಮಾಡುತ್ತಾರೆ, ಎಷ್ಟು ನೋಯುತ್ತದೆ, ಯಾಕೆ ಮಾಡುತ್ತಾರೆ ಎಂದು ಅತ್ತೆಗೆ ಬಿಡಿಸಿ ಹೇಳುತ್ತಿದ್ದಳು. ನೋವಾಗುತ್ತೆ ಅಂದರೆ ನೋವಾಗುತ್ತಿತ್ತು, ಆಗಲ್ಲ ಅಂದರೆ ಆಗುತ್ತಿರಲಿಲ್ಲ. ಒಂದು ಸುಳ್ಳು ಹೇಳಲಿಲ್ಲ. ನಡುವೆಯೇ ಕಾಲೇಜಿನಲ್ಲಿ ವರದಿ ಒಪ್ಪಿಸಿ ಬಂದಳು, ಪರೀಕ್ಷೆಯನ್ನೂ ಬರೆದಳು. ಇದನ್ನೆಲ್ಲ ಎಲ್ಲಿ ಕಲಿಯಿತು ಇದು, ಬುಟ್ಟಿಯಲ್ಲಿ ಮಲಗಿ ಬೆಳೆದದ್ದು, ಎಂದು ದೊಡ್ಡಕ್ಕ ಹಾಸಿಗೆಯಿಂದ ಅವಳನ್ನೇ ನೋಡುತ್ತಿದ್ದಳು. ಕೆಲವೊಮ್ಮೆ ಮಾತ್ರ, ಇದಕ್ಕೆ ಕಲ್ಲು ಹೃದಯವೇನೋ ಎಂಬ ಸಣ್ಣ ಬೇಸರವೂ ಸುಳಿದುಹೋಗುತ್ತಿತ್ತು.

ಆಪರೇಷನ್ನಿನ ಫಲಿತಾಂಶ ಬರುವ ದಿನ ಇಬ್ಬರೂ ಡಾಕ್ಟರ ಕೋಣೆಯಲ್ಲಿ ಕೂತರು. ಡಾಕ್ಟರು ರಿಪೋರ್ಟು ಓದಿ, ಬಿಳಿ ಸಮವಸ್ತ್ರದ ಹುಡುಗಿಯ ಕಡೆ ತಿರುಗಿ, ತಮ್ಮತಮ್ಮಲ್ಲಿ ಆಡುವ ವೈದ್ಯರ ಭಾಷೆಯಲ್ಲಿ ಏನೋ ಶುರುಮಾಡಿದರು.

"ಅವರಿಗೇ ಹೇಳಿ ಡಾಕ್ಟ್ರೇ," ಎಂದಳು ಕಡ್ಡಿ. "ಅವರ ಮೈ ಅದು. ಅವರಿಗೆ ಎಲ್ಲಾ ಅರ್ಥ ಆಗುತ್ತೆ."

ಡಾಕ್ಟರು ಕುರ್ಚಿಯನ್ನು ದೊಡ್ಡಕ್ಕನ ಕಡೆ ತಿರುಗಿಸಿಕೊಂಡರು. ಗೆಡ್ಡೆ ಚಿಕ್ಕದಿತ್ತು, ಪೂರ್ತಿ ತೆಗೆದಿದ್ದೇವೆ, ಕಂಕುಳಿನ ಗ್ರಂಥಿಗಳಿಗೆ ಹರಡಿಲ್ಲ, ಇನ್ನು ಸ್ವಲ್ಪ ಕಾಲ ಚಿಕಿತ್ಸೆ ಮುಂದುವರಿಸಬೇಕು, ಎಂದು ಒಂದೊಂದಾಗಿ ಹೇಳಿದರು.

"ಬೇಗ ಬಂದಿರಿ. ಒಳ್ಳೇ ಕೆಲಸ ಮಾಡಿದಿರಿ. ಗುಣ ಆಗುತ್ತೆ ಅನ್ನೋ ಭರವಸೆ ನನಗೆ ತುಂಬಾ ಇದೆ."

ದೊಡ್ಡಕ್ಕ ಎದ್ದು ನಿಂತು ಕೈಮುಗಿದಳು. ತಾನು ಬದುಕಿಕೊಂಡೆ ಎಂಬುದು ಮನಸ್ಸಿಗೆ ಇಳಿಯುವ ಮುಂಚೆ ಇನ್ನೊಂದು ಸಂಗತಿ ಇಳಿದಿತ್ತು. ತಾನು ಸಾಕಿದ ಹುಡುಗಿ ಒಂದೇ ಮಾತಿನಲ್ಲಿ ಡಾಕ್ಟರ ಕುರ್ಚಿ ತಿರುಗಿಸಿದ್ದಳು.

ಕಾರಿಡಾರಿಗೆ ಬಂದು ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಪಕ್ಕದಲ್ಲಿ ಹುಡುಗಿ ಇರಲಿಲ್ಲ. ದೊಡ್ಡಕ್ಕ ತಿರುಗಿ ನೋಡಿದಳು. ಕೈ ತೊಳೆಯುವ ತೊಟ್ಟಿಯ ಹತ್ತಿರ, ಗೋಡೆಗೆ ಹಣೆ ಆನಿಸಿ, ಕಡ್ಡಿ ಅಳುತ್ತಿದ್ದಳು. ಬಿಕ್ಕಿ ಬಿಕ್ಕಿ, ಮೈಯೆಲ್ಲ ಅಲುಗುವಂತೆ, ಚಿಕ್ಕಂದಿನಲ್ಲಿ ಬುಟ್ಟಿಯಿಂದ ಉರುಳಿ ಬಿದ್ದಾಗಲೂ ಅಷ್ಟು ಅತ್ತಿರಲಿಲ್ಲ.

"ಅಯ್ಯೋ ಹುಚ್ಚಿ! ಅಳೋ ಹೊತ್ತಲ್ಲೆಲ್ಲ ಕಲ್ಲಿನ ಹಾಗಿದ್ದೆ. ಎಲ್ಲಾ ಸರಿಹೋದ ಮೇಲೆ ಈಗ್ಯಾಕೆ?"

"ಡ್ಯೂಟಿ ಮುಗೀತು ಅತ್ತೆ," ಎಂದಳು ಹುಡುಗಿ, ಮೂಗು ಒರೆಸಿಕೊಳ್ಳುತ್ತ. "ಇಷ್ಟು ದಿನ ನರ್ಸ್ ಆಗಿದ್ದೆ. ಈಗ ಆಗಲ್ಲ."

ಕಲ್ಲು ಎಂದುಕೊಂಡೆನಲ್ಲ, ಪಾಪಿ ನಾನು, ಎನ್ನಿಸಿತು ದೊಡ್ಡಕ್ಕನಿಗೆ. ನೋಯದ ಬಲಗೈಯಿಂದ ಹುಡುಗಿಯನ್ನು ಎಳೆದು ತಬ್ಬಿಕೊಂಡಳು. ಹೋಗಿ ಬರುವವರು ನಿಂತು ನೋಡಿದರು. ಒಬ್ಬ ಹೆಂಗಸು ಹತ್ತಿರ ಬಂದು, ಏನಾಯಿತಮ್ಮ, ಯಾರಾದರೂ ತೀರಿಕೊಂಡರಾ ಎಂದು ಮೆಲ್ಲಗೆ ಕೇಳಿದಳು.

"ಯಾರೂ ಇಲ್ಲ ತಾಯಿ. ನಾನು ಬದುಕ್ಕೊಂಡೆ," ಎಂದಳು ದೊಡ್ಡಕ್ಕ, ಇಡೀ ಕಾರಿಡಾರಿಗೆ ಕೇಳುವ ದನಿಯಲ್ಲಿ. "ಇವಳು ನಮ್ಮ ನರ್ಸು. ಅಳಲಿ ಬಿಡಿ."